ಹತ್ತು ರೂಪಾಯಿಯ ಮೊಂಬತ್ತಿ

ಅತ್ತೂರಿಗೆ ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಚಿಲ್ಲರೆ ಎಣಿಸುವುದು ಒಂದು ಶಾಸ್ತ್ರದಂತೆ ನಡೆಯುತ್ತಿತ್ತು. ಕ್ರಿಸ್ಮಸ್‌ಗೂ ಮೊದಲಿನಿಂದ ಹಾರ್ಲಿಕ್ಸ್ ಬಾಟಲಿಯಲ್ಲಿ ಕೂಡಿಟ್ಟಿದ್ದ ನಾಣ್ಯಗಳನ್ನು ಮಾಂಯ್, ಅಂದರೆ ಅಮ್ಮ, ಚಾಪೆಯ ಮೇಲೆ ಸುರಿಯುತ್ತಿದ್ದಳು. ಹತ್ತು ಹತ್ತರ ಗುಪ್ಪೆ ಮಾಡಿ ಬಟ್ಟೆಯ ಚೀಲಕ್ಕೆ ತುಂಬುವ ಕೆಲಸ ನನ್ನದು. ಮುಂದೆ ನಾನು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತೆರಡು ವರ್ಷ ಸವೆಸುವುದಕ್ಕೆ ಬುನಾದಿ ಬಿದ್ದದ್ದು ಆ ಚಾಪೆಯ ಮೇಲೆಯೇ ಇರಬೇಕು.

ಜನವರಿಯ ಕೊನೆಗೆ ಕಾರ್ಕಳದ ಬಳಿಯ ಅತ್ತೂರಿನಲ್ಲಿ ಸಂತ ಲಾರೆನ್ಸರ ಹಬ್ಬ. ಊರವರ ಬಾಯಲ್ಲಿ ಅದು ಸಾಂತ್‌ಮಾರಿ. ಚರ್ಚಿಗೆ ನಡೆಯುವ ದಾರಿಯ ಬದಿಯಲ್ಲಿ ಭಿಕ್ಷುಕರು ಸಾಲಾಗಿ ಕೂರುತ್ತಿದ್ದರು. ಕಣ್ಣಿಲ್ಲದವರು, ಕಾಲಿಲ್ಲದವರು, ಹಸುಗೂಸನ್ನು ಮಡಿಲಲ್ಲಿ ಮಲಗಿಸಿಕೊಂಡವರು. ಯಾವ ಯಾವ ಊರಿನಿಂದಲೋ ಬಂದವರು. ಒಬ್ಬರಿಗೆ ಒಂದು ನಾಣ್ಯ. ಮಾಂಯ್‌ಗೆ ಇದ್ದದ್ದು ಒಂದೇ ನಿಯಮ: ಎಸೆಯಬಾರದು, ಬಗ್ಗಿ ಕೈಯಲ್ಲಿ ಇಡಬೇಕು. ನಾನು ಬಗ್ಗುತ್ತಿದ್ದೆ, ಇಡುತ್ತಿದ್ದೆ. ಆದರೆ ನನ್ನ ಕಣ್ಣೆಲ್ಲ ಚೀಲದ ಮೇಲೆ. ಸಾಲು ಮುಗಿಯುವವರೆಗೆ ನಾಣ್ಯ ಸಾಲುವುದೇ, ನಡುವೆ ಯಾರಾದರೂ ಎರಡು ಸಲ ಕೈಚಾಚಿದರೇ ಎಂಬುದಷ್ಟೇ ಚಿಂತೆ. ಕೊನೆಯ ನಾಣ್ಯವೂ ಕೊನೆಯ ಕೈಯೂ ಒಟ್ಟಿಗೆ ಸರಿಹೊಂದಿದ ವರ್ಷ ನನಗೆ ಆದ ಸಂತೋಷಕ್ಕೆ ಪಾರವಿರಲಿಲ್ಲ. ಅದನ್ನೇ ಭಕ್ತಿಯೆಂದು ಬಹಳ ಕಾಲ ನಂಬಿದ್ದೆ.

ಅತ್ತೂರಿನ ಸ್ಥಳಕಥೆಯನ್ನು ನಮ್ಮ ಕಡೆಯ ಮಕ್ಕಳಿಗೆ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಕಿವಿಗೆ ಬೀಳುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನನ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ ಕೆನರಾದ ಕ್ರೈಸ್ತರಲ್ಲಿ ಬದುಕಿ ಉಳಿದವರು 1799ರ ನಂತರ ಹಿಂದಿರುಗಿದರು. ಹಳೆಯ ಚರ್ಚು ಇರಲಿಲ್ಲ. ಗುರುಗಳು, ಅಂದರೆ ಪಾದ್ರಿಗಳು, ಸಂತ ಲಾರೆನ್ಸರ ಅಡಿಯಷ್ಟು ಎತ್ತರದ ಮರದ ಪ್ರತಿಮೆಯನ್ನು ಎತ್ತಿಕೊಂಡು ಹೊಸ ಜಾಗ ಹುಡುಕಿ ಹೊರಟರಂತೆ. ಪರ್ಪಲೆ ಗುಡ್ಡದ ಬುಡದಲ್ಲಿ, ನೀರಿನ ಒರತೆಯ ಪಕ್ಕ, ದಣಿವಾರಿಸಿಕೊಳ್ಳಲು ಪ್ರತಿಮೆಯನ್ನು ಇಳಿಸಿದರಂತೆ. ಮತ್ತೆ ಎತ್ತಹೋದರೆ ಅದು ಕದಲಲಿಲ್ಲ. ಇಲ್ಲಿಯೇ ಗುಡಿ ಕಟ್ಟುತ್ತೇವೆಂದು ಹರಕೆ ಹೇಳಿಕೊಂಡ ಮೇಲೆ ಹಗುರವಾಗಿ ಮೇಲೆದ್ದಿತಂತೆ. ಆ ಒರತೆಯ ಪುಷ್ಕರಿಣಿಯ ನೀರನ್ನು ಈಗಲೂ ಬಾಟಲಿಗಳಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಮೊಂಬತ್ತಿ ಹಚ್ಚಲು ಹಿಂದೂಗಳು, ಮುಸ್ಲಿಮರು, ಜೈನರು ಎಲ್ಲರೂ ಬರುತ್ತಾರೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ಈ ಚರ್ಚನ್ನು ಕಿರಿಯ ಬಸಿಲಿಕದ ಪದವಿಗೆ ಏರಿಸಿದರು. ಜನರಿಗೆ ಮಾತ್ರ ಇದು ಎಂದಿನ ಅತ್ತೂರೇ.

ಪ್ರತಿಮೆ ಕದಲದ ಕಥೆ ನನಗೆ ಈಗೀಗ ಬೇರೆ ಕಾರಣಕ್ಕೆ ಇಷ್ಟ. ಸಂತನೊಬ್ಬ ದಾರಿಯ ಬದಿಯಲ್ಲಿ ಕುಳಿತುಬಿಟ್ಟ, ಕೇಳಿದ್ದನ್ನು ಕೊಡುವವರೆಗೆ ಏಳಲಿಲ್ಲ. ಆ ದಾರಿಯಲ್ಲಿ ಹಾಗೆ ಕುಳಿತವರು ಅವನೊಬ್ಬನೇ ಅಲ್ಲವಲ್ಲ.

ಲಾರೆನ್ಸ್ ನನ್ನ ಕಸುಬಿನವನು. ಮೂರನೆಯ ಶತಮಾನದ ರೋಮಿನಲ್ಲಿ ಧರ್ಮಸಭೆಯ, ಅಂದರೆ ಕ್ರೈಸ್ತ ಸಮುದಾಯದ, ಡೀಕನ್. ಗುರುಗಳ ಕೆಳಗಿನ ಸ್ಥಾನ, ಹಣ ಮತ್ತು ದಾನದ ಉಸ್ತುವಾರಿ ಅವನ ಹೆಗಲಿಗೆ. ಆ ಕಾಲದ ಲೆಕ್ಕವೊಂದು ಉಳಿದುಬಂದಿದೆ. 251ರ ಸುಮಾರಿಗೆ ಪೋಪ್ ಕೊರ್ನೇಲಿಯಸ್ ಬರೆದ ಪತ್ರದ ಪ್ರಕಾರ ರೋಮಿನ ಸಭೆಯಲ್ಲಿ 46 ಗುರುಗಳು, 7 ಡೀಕನ್ನರು, ಸಭೆಯೇ ಸಾಕುತ್ತಿದ್ದ ವಿಧವೆಯರು ಮತ್ತು ದಿಕ್ಕಿಲ್ಲದವರು 1,500ಕ್ಕೂ ಹೆಚ್ಚು. ಗುರುಗಳನ್ನೂ ಬಡವರನ್ನೂ ಒಂದೇ ಪಟ್ಟಿಯಲ್ಲಿ ಎಣಿಸಿದ ಪತ್ರವದು. 258ರಲ್ಲಿ ಚಕ್ರವರ್ತಿ ವಲೇರಿಯನ್ ಸಭೆಯ ಹಿರಿಯರನ್ನು ಕೊಲ್ಲಿಸಲು ಆಜ್ಞೆ ಹೊರಡಿಸಿದ. ಆಗಸ್ಟ್ 6ರಂದು ಪೋಪ್ ಎರಡನೆಯ ಸಿಕ್ಸ್ತುಸ್ ಹತರಾದರು. ಲಾರೆನ್ಸನಿಗೆ ಮಾತ್ರ ಸ್ವಲ್ಪ ಕಾಲಾವಕಾಶ ಸಿಕ್ಕಿತು, ಸಭೆಯ ನಿಧಿಯನ್ನು ತಂದೊಪ್ಪಿಸಲು. ಅವನು ಇದ್ದುದನ್ನೆಲ್ಲ ಹಂಚಿ, ಮೂರನೆಯ ದಿನ ಕುರುಡರು, ಕುಂಟರು, ವಿಧವೆಯರನ್ನು ಕರೆದುತಂದು ಅಧಿಕಾರಿಯ ಎದುರು ನಿಲ್ಲಿಸಿ, ಇವರೇ ಸಭೆಯ ನಿಧಿ ಎಂದನಂತೆ. ಆಗಸ್ಟ್ 10ರಂದು ಕಬ್ಬಿಣದ ಸರಳುಗಳ ಮೇಲೆ ಸುಟ್ಟರೆಂದು ಪರಂಪರೆ ಹೇಳುತ್ತದೆ. ಒಂದು ಮಗ್ಗುಲು ಬೆಂದಿದೆ, ತಿರುವಿಹಾಕಿ ಎಂದನೆಂಬ ಮಾತೂ ಇದೆ. ವಿದ್ವಾಂಸರು ಈ ಸರಳುಗಳ ಬಗ್ಗೆ ಅನುಮಾನಪಡುತ್ತಾರೆ. ನನಗಂತೂ ಆ ಹಾಸ್ಯಕ್ಕಿಂತ ಮೂರನೆಯ ದಿನದ ಮೆರವಣಿಗೆಯೇ ದೊಡ್ಡದು.

ಈ ಕಥೆಯನ್ನು ನಾನು ಎಷ್ಟು ಪ್ರವಚನಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿ, ತಲೆದೂಗಿ, ಹೊರಗೆ ಬಂದು, ಅದೇ ನಿಧಿಯ ನಡುವೆ ಚೀಲ ಹಿಡಿದುಕೊಂಡು ನಡೆದುಹೋಗಿದ್ದೇನೆ.

ನಾಲ್ಕು ವರ್ಷಗಳ ಹಿಂದಿನ ಮಾತು. ಮಾಂಯ್ ಆಗಲೇ ಇರಲಿಲ್ಲ. ಚಿಲ್ಲರೆಯ ಚೀಲ ನನ್ನ ಪಾಲಿಗೆ ಬಂದಿತ್ತು. ಮಗಳಿಗೆ ಕೆಲಸ ಸಿಗಲೆಂದು ಹರಕೆ ಹೊತ್ತಿದ್ದೆ. ಸಿಕ್ಕಿತ್ತು, ಅದನ್ನು ತೀರಿಸಲು ಹೊರಟಿದ್ದೆ. ಬಿಸಿಲೇರಿತ್ತು, ಧೂಳು ಬೇರೆ. ಸಾಲಿನ ನಡುವೆ ಒಬ್ಬ ಮುದುಕ, ಎರಡೂ ಕಾಲು ಮೊಣಕಾಲಿನ ಕೆಳಗೆ ಇಲ್ಲ, ನಾನಿಟ್ಟ ಐದು ರೂಪಾಯಿಯನ್ನು ಪಕ್ಕಕ್ಕೆ ಸರಿಸಿ ನನ್ನ ಕೈಯನ್ನೇ ಹಿಡಿದುಕೊಂಡ. ತನ್ನ ಬಟ್ಟೆಯ ಗಂಟು ಬಿಚ್ಚಿ ಹತ್ತು ರೂಪಾಯಿಯ ನೋಟು ತೆಗೆದು ನನ್ನ ಅಂಗೈಯಲ್ಲಿ ಇಟ್ಟ.

“ಒಳಗೆ ಹೋಗುತ್ತೀರಲ್ಲ, ನನ್ನದೂ ಒಂದು ಮೊಂಬತ್ತಿ ಹಚ್ಚಿ ಸ್ವಾಮಿ. ಈ ಗದ್ದಲದಲ್ಲಿ ನನ್ನಿಂದ ಆಗುವುದಿಲ್ಲ.”

ಆಯಿತು ಎಂದೆ. ನೋಟನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಸಾಲಿನಲ್ಲಿ ನಿಂತೆ, ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಯಲ್ಲಿ ಭಾಗವಹಿಸಿದೆ, ಪರಮಪ್ರಸಾದ ಸ್ವೀಕರಿಸಿದೆ, ಮಗಳ ಹೆಸರಿನ ದೊಡ್ಡ ಮೊಂಬತ್ತಿ ಹಚ್ಚಿದೆ, ಪುಷ್ಕರಿಣಿಯ ನೀರು ತುಂಬಿಸಿಕೊಂಡೆ. ಹಿಂದಿರುಗುವಾಗ ಪರಿಚಯದವರ ಕಾರು ಸಿಕ್ಕಿತು, ಬೇರೆ ದಾರಿ. ಮೂರು ದಿನದ ನಂತರ ಹೆಂಡತಿ ಒಗೆದ ಅಂಗಿಯಿಂದ ನಾಲ್ಕು ಮಡಿಕೆಯಾಗಿ ಒಣಗಿ ಗಟ್ಟಿಯಾದ ಹತ್ತು ರೂಪಾಯಿಯನ್ನು ತೆಗೆದು, “ಇದೇನು?” ಎಂದು ಕೇಳಿದಳು.

ಮರೆತದ್ದು ಪಾಪವೇ? ಮರೆವಿಗೆ ಪಾಪದ ತೂಕವಿಲ್ಲ ಎಂದು ಧರ್ಮೋಪದೇಶದಲ್ಲಿ ಕಲಿತವರು ವಾದಿಸಬಹುದು, ನಾನೂ ನನ್ನೊಳಗೆ ವಾದಿಸಿದೆ. ಆದರೆ ಮಗಳ ಮೊಂಬತ್ತಿಯನ್ನು ನಾನು ಮರೆಯಲಿಲ್ಲ. ನೀರಿನ ಬಾಟಲಿಯನ್ನು ಮರೆಯಲಿಲ್ಲ. ನೆನಪು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದರಲ್ಲೇ ಮನುಷ್ಯನ ಪ್ರೀತಿಯ ಹಂಚಿಕೆ ಕಾಣುತ್ತದೆ. ಸಂತ ಅಗಸ್ಟೀನರು ಸದ್ಗುಣವನ್ನು ಪ್ರೀತಿಯ ಸರಿಯಾದ ಕ್ರಮ ಎಂದು ಕರೆದಿದ್ದಾರೆ. ಕ್ರಮ ತಪ್ಪಿದ್ದು ಆ ಗಟ್ಟಿ ನೋಟಿನಲ್ಲಿ ಮಡಚಿಕೊಂಡಿತ್ತು.

ಬಲಿಪೂಜೆಯ ಆರಂಭದಲ್ಲಿ ನಾವೆಲ್ಲ ಎದೆ ಬಡಿದುಕೊಂಡು ಒಪ್ಪಿಕೊಳ್ಳುವುದು ನಾಲ್ಕು ಬಗೆಯ ತಪ್ಪುಗಳನ್ನು: ಯೋಚನೆಯದು, ಮಾತಿನದು, ಕೃತ್ಯದ್ದು, ಮಾಡಬೇಕಾದದ್ದನ್ನು ಮಾಡದೆ ಬಿಟ್ಟದ್ದು. ಈ ನಾಲ್ಕನೆಯದು ಪ್ರಾರ್ಥನೆಯೊಳಗೆ ಬಂದದ್ದು ಪೋಪ್ ಆರನೆಯ ಪೌಲರ ಕಾಲದ 1970ರ ಪೂಜಾಗ್ರಂಥದಲ್ಲಿ. ಅದಕ್ಕೆ ಮೊದಲಿನ ಲ್ಯಾಟಿನ್ ಪಾಠದಲ್ಲಿ ಇದ್ದವು ಮೂರೇ. ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವ ನನ್ನ ಪಾಪನಿವೇದನೆಯಲ್ಲಿಯೂ ಬಹುಕಾಲ ಮೂರೇ ಇದ್ದವು. ಸಿಟ್ಟು, ಸುಳ್ಳು, ಕೆಟ್ಟ ಯೋಚನೆ. ವರ್ಷ ವರ್ಷವೂ ಅದೇ ಪಟ್ಟಿ, ಹಿಂದಿನ ವರ್ಷದ ಬಾಕಿಯನ್ನು ಮುಂದಕ್ಕೆ ತಂದಂತೆ. ಈಸ್ಟರ್‌ಗೆ ಮುಂಚಿನ ಆ ತಪಸ್ಸುಕಾಲದಲ್ಲಿ ಮೊದಲ ಸಲ ನಾಲ್ಕನೆಯ ಕಲಮಿನಲ್ಲಿ ಏನನ್ನಾದರೂ ಬರೆಯಬೇಕಾಯಿತು.

ಜಾಲರಿಯ ಆಚೆ ಇದ್ದವರು ವಯಸ್ಸಾದ ಗುರುಗಳು. ಪೂರ್ತಿ ಕೇಳಿದರು. “ಅವನ ಹೆಸರೇನು?” ಎಂದರು.

“ಕೇಳಲಿಲ್ಲ ಫಾದರ್.”

“ಮೊಂಬತ್ತಿ ಯಾರಿಗಾಗಿ?”

“ಅದನ್ನೂ ಕೇಳಲಿಲ್ಲ.”

ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಮೂರು ನಮೋ ಮರಿಯ ಜಪ ಹೇಳಿ, ಮುಂದಿನ ಹಬ್ಬಕ್ಕೆ ಹೋಗಿ ಎರಡನ್ನೂ ಕೇಳಿಕೊಂಡು ಬನ್ನಿ ಎಂದರು. ಜಪ ಅಂದೇ ಮುಗಿಯಿತು.

ನಾನು ಲಾರೆನ್ಸನ ಬಗ್ಗೆ ಗಂಭೀರವಾಗಿ ಓದತೊಡಗಿದ್ದು ಆ ವರ್ಷವೇ. ಕ್ರಿ.ಶ. 400ರ ಆಸುಪಾಸಿನ ಸ್ಪೇನಿನ ಕವಿ ಪ್ರುಡೆನ್ಷಿಯಸ್ ಅವನ ಬಗ್ಗೆ ದೀರ್ಘವಾದ ಲ್ಯಾಟಿನ್ ಕವಿತೆಯನ್ನು ಬರೆದಿದ್ದಾನೆ. ಅದರಲ್ಲಿ ಲಾರೆನ್ಸ್ ಆ ಮೂರು ದಿನ ರೋಮಿನ ಬೀದಿಬೀದಿ ಸುತ್ತುತ್ತಾನೆ. ಸಭೆಯ ಉಗ್ರಾಣದಿಂದ ಉಣ್ಣುತ್ತಿದ್ದವರು ಅವನಿಗೆ ಗುರುತಿನವರೇ. ಅವರನ್ನು ಎಣಿಸುತ್ತಾನೆ. ಎಣಿಸಿ, ಒಬ್ಬೊಬ್ಬರ ಹೆಸರನ್ನೂ ಬರೆದುಕೊಳ್ಳುತ್ತಾನೆ. ಬಳಿಕ ಉದ್ದನೆಯ ಸಾಲಿನಲ್ಲಿ ದೇವಾಲಯದ ಮುಂದೆ ನಿಲ್ಲಿಸುತ್ತಾನೆ.

ಇಲ್ಲಿ ಓದನ್ನು ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ಕುಳಿತೆ. ದೇವಾಲಯದ ಮುಂದಿನ ಉದ್ದನೆಯ ಸಾಲು ನನಗೆ ಗೊತ್ತಿತ್ತು. ಎಣಿಸುವುದೂ ಗೊತ್ತಿತ್ತು. ಅವನು ಎಣಿಸಿದ್ದು ಮನುಷ್ಯರನ್ನು, ನಾನು ಎಣಿಸಿದ್ದು ನಾಣ್ಯಗಳನ್ನು.

ಲೂಕನ ಶುಭಸಂದೇಶದ ಹದಿನಾರನೆಯ ಅಧ್ಯಾಯದಲ್ಲಿ ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದಿದ್ದ ಭಿಕ್ಷುಕನಿಗೆ ಲಾಜರ ಎಂಬ ಹೆಸರಿದೆ. ಯೇಸುಸ್ವಾಮಿ ಹೇಳಿದ ದೃಷ್ಟಾಂತಕಥೆಗಳಲ್ಲಿ ಹೆಸರು ಪಡೆದ ಬಡವ ಅವನೊಬ್ಬನೇ, ಐಶ್ವರ್ಯವಂತನಿಗೆ ಹೆಸರಿಲ್ಲ. ಇದನ್ನು ಎಲ್ಲ ಪ್ರವಚನಕಾರರೂ ಹೇಳುತ್ತಾರೆ. ಅವರು ಸಾಮಾನ್ಯವಾಗಿ ಹೇಳದ ಇನ್ನೊಂದು ಮಾತಿದೆ. ಸತ್ತು ಯಾತನೆಯ ಸ್ಥಳದಲ್ಲಿದ್ದ ಐಶ್ವರ್ಯವಂತ ಅಬ್ರಹಾಮನನ್ನು ಕೂಗಿ ಬೇಡುವಾಗ, ಲಾಜರನನ್ನು ಕಳುಹಿಸು, ಅವನು ಬೆರಳ ತುದಿಯನ್ನು ನೀರಿನಲ್ಲಿ ಅದ್ದಿ ನನ್ನ ನಾಲಿಗೆಯನ್ನು ತಣಿಸಲಿ ಎನ್ನುತ್ತಾನೆ. ಅಂದರೆ ಅವನಿಗೆ ಹೆಸರು ಗೊತ್ತಿತ್ತು! ದಿನವೂ ದಾಟಿಹೋಗುತ್ತಿದ್ದವನ ಹೆಸರು ಗೊತ್ತಿದ್ದೂ ಒಂದು ತುತ್ತು ಹಾಕಿರಲಿಲ್ಲ. ಈಗಲೂ ಅವನಿಗೆ ಲಾಜರ ಬೇಕಾಗಿರುವುದು ನೀರು ತರುವ ಆಳಾಗಿ. ಹೆಸರು ಕೇಳಿಬಿಟ್ಟರೆ ನನ್ನ ಲೆಕ್ಕ ಚುಕ್ತಾ ಆಗುತ್ತದೆ ಎಂದು ನಾನು ಒಳಗೊಳಗೇ ಹಾಕಿದ್ದ ಯೋಜನೆಗೆ ಈ ವಾಕ್ಯ ಕಲ್ಲು ಹಾಕಿತು.

ಕಚೇರಿಯ ಹಳೆಯ ಗೆಳೆಯರೊಬ್ಬರಿಗೆ ಇದನ್ನೆಲ್ಲ ಹೇಳಿದರೆ ಅವರು ನಕ್ಕರು. ಅದೊಂದು ದಂಧೆ, ಜಾತ್ರೆಯಿಂದ ಜಾತ್ರೆಗೆ ಲಾರಿಯಲ್ಲಿ ಕರೆತಂದು ಕೂರಿಸುತ್ತಾರೆ, ನೀವು ಕೊಟ್ಟದ್ದು ಯಾರ ಕೈ ಸೇರುತ್ತದೋ ಎಂದರು. ಇರಬಹುದು. ಅಂಥದ್ದು ನಡೆಯುವುದಿಲ್ಲ ಎನ್ನಲು ನನ್ನ ಬಳಿ ಆಧಾರವಿಲ್ಲ. ನಡೆದರೆ ಅದು ಪೊಲೀಸರಿಗೆ ಹೇಳಬೇಕಾದ ಮಾತು. ಆದರೆ ನಾಲ್ಕನೆಯ ಶತಮಾನದ ಸಂತ ಯೊವಾನ್ ಕ್ರಿಸೋಸ್ತೊಮರು ಅಂತಿಯೋಕ್ಯದಲ್ಲಿ ಇದೇ ಲಾಜರನ ಮೇಲೆ ಪ್ರವಚನ ಮಾಡುತ್ತಾ, ಕೊಡುವ ಮೊದಲು ಬಡವನ ಬದುಕನ್ನು ತನಿಖೆ ಮಾಡಲು ಹೊರಟರೆ ನೀವು ಯಾರಿಗೂ ಎಂದೂ ಕರುಣೆ ತೋರಲಾರಿರಿ ಎಂದಿದ್ದರು. ಬಡವನಿಗಿರುವ ಯೋಗ್ಯತೆ ಒಂದೇ, ಅವನ ಕೊರತೆ. ಹದಿನಾರು ಶತಮಾನಗಳ ಹಿಂದೆಯೂ ಗೆಳೆಯರ ಈ ಪ್ರಶ್ನೆಯನ್ನು ಕೇಳುವವರಿದ್ದರು ಎಂಬುದು ನನಗೆ ಒಂದು ರೀತಿಯ ಸಮಾಧಾನ.

ಇನ್ನೊಂದನ್ನು ಗೆಳೆಯರಿಗೆ ಹೇಳಲಿಲ್ಲ. ದಂಧೆಯಲ್ಲಿ ಕೂತವನು ಗಿರಾಕಿಗೆ ದುಡ್ಡು ಕೊಟ್ಟು ಸಂತನ ಮುಂದೆ ದೀಪ ಹಚ್ಚಿಸುವುದಿಲ್ಲ. ಆ ಮುದುಕ ಅಂದು ನನ್ನನ್ನು ದಾನಿಯ ಜಾಗದಿಂದ ಇಳಿಸಿ ಒಬ್ಬ ಓಲೆಕಾರನನ್ನಾಗಿ ಮಾಡಿದ್ದ. ಪರರ ಒಳಿತನ್ನು ಬಯಸುವುದೇ ಪ್ರೀತಿ ಎಂದು ಸಂತ ತೋಮಸ್ ಅಕ್ವಿನಾಸರ ಮಾತು. ಯಾರದೋ ಒಳಿತನ್ನು ಅವನು ಬಯಸಿ ಹತ್ತು ರೂಪಾಯಿ ಕಟ್ಟಿದ್ದ. ನಾನು ಅಡ್ಡ ಬಂದಿದ್ದೆ.

ಪೋಪ್ ಫ್ರಾನ್ಸಿಸ್ 2013ರ ಆಗಸ್ಟ್ 7ರಂದು ಬ್ಯೂನಸ್ ಐರಿಸ್‌ನ ಸಂತ ಕಯೆತಾನೊ ಕ್ಷೇತ್ರದಲ್ಲಿ ಸಾಲುಗಟ್ಟಿ ನಿಂತಿದ್ದ ಯಾತ್ರಿಕರಿಗೆ ವಿಡಿಯೊ ಸಂದೇಶ ಕಳುಹಿಸಿದ್ದರು. ತಾವು ಪಾಪನಿವೇದನೆ ಕೇಳುವಾಗ, ಭಿಕ್ಷೆ ಕೊಟ್ಟೆ ಎಂದವರನ್ನು, ಅವನ ಕಣ್ಣು ನೋಡಿದಿರಾ, ಕೈ ಮುಟ್ಟಿದಿರಾ, ಇಲ್ಲವೇ ನಾಣ್ಯವನ್ನು ಎಸೆದಿರಾ ಎಂದು ವಿಚಾರಿಸುತ್ತಿದ್ದುದನ್ನು ಅದರಲ್ಲಿ ನೆನಪಿಸಿಕೊಂಡಿದ್ದಾರೆ. ಮಾಂಯ್‌ನ ನಿಯಮ ಇಷ್ಟು ದೂರ ಹೋಗಿ ಬಂದದ್ದನ್ನು ಕೇಳಿ ನಗು ಬಂತು. ಅವಳು ಬಗ್ಗಿದಾಗ ಮುಖ ನೋಡುತ್ತಿದ್ದಳೇ? ನೋಡುತ್ತಿದ್ದಳು, ಈಗ ನೆನಪಾಗುತ್ತದೆ. ಸಾಲು ಮುಗಿಸಲು ಅವಳಿಗೆ ನನಗಿಂತ ದುಪ್ಪಟ್ಟು ಹೊತ್ತು ಹಿಡಿಯುತ್ತಿತ್ತು; ನಾನು ಆಚೆ ತುದಿಯಲ್ಲಿ ನಿಂತು, ಬೇಗ ಬಾ ಎಂದು ಕೂಗುತ್ತಿದ್ದೆ.

ಮರುವರ್ಷ ಹಬ್ಬದ ಮೊದಲ ದಿನವೇ ಹೋದೆ. ಮುದುಕ ಇರಲಿಲ್ಲ. ಮೊಣಕಾಲಿನ ಕೆಳಗೆ ಕಾಲಿಲ್ಲದ ಹಿರಿಯ ಎಂದರೆ ಅಲ್ಲಿ ಗುರುತು ಹೇಳಿದಂತೆ ಆಗುವುದಿಲ್ಲ. ವಿಚಾರಿಸಿದವರೆಲ್ಲ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸಿದರು. ಅದರ ಮರುವರ್ಷವೂ ಇರಲಿಲ್ಲ. ಹತ್ತು ರೂಪಾಯಿಗೆ ಬರುವ ಮೊಂಬತ್ತಿಯನ್ನು ಪ್ರತಿ ಸಲ ಹಚ್ಚುತ್ತೇನೆ. ಸಂತನ ಮುಂದೆ ನಿಂತಾಗ ಯಾರ ಹೆಸರು ಹೇಳಲಿ? ನೀನೇ ಬರೆದುಕೊಂಡಿರಬೇಕಲ್ಲ, ನಿನ್ನ ಪಟ್ಟಿಯಲ್ಲಿ ನೋಡಿಕೋ ಎನ್ನುತ್ತೇನೆ. ಆ ಗಟ್ಟಿ ನೋಟನ್ನು ಖರ್ಚು ಮಾಡಿಲ್ಲ. ಮಾಂಯ್‌ನ ಜಪಮಾಲೆಯ ಡಬ್ಬಿಯಲ್ಲಿದೆ.

ಈ ಜನವರಿಯಲ್ಲಿ ಚೀಲದಲ್ಲಿ ನಾಣ್ಯ ಕಡಿಮೆ ಒಯ್ದಿದ್ದೆ, ಸಮಯ ಹೆಚ್ಚು ಇಟ್ಟುಕೊಂಡಿದ್ದೆ. ಸಾಲಿನ ಮೊದಲಿಗೇ ಒಬ್ಬಾಕೆ, ಅರವತ್ತು ದಾಟಿರಬೇಕು, ಮುಂದೆ ಸ್ಟೀಲ್ ತಟ್ಟೆ. ನಾನು ಕುಕ್ಕರುಗಾಲಿನಲ್ಲಿ ಕುಳಿತು ನಾಣ್ಯ ಕೊಟ್ಟು, ಹೆಸರೇನಮ್ಮ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಹೆಸರು ಯಾಕೆ?”

“ಸುಮ್ಮನೆ. ಒಳಗೆ ಮೊಂಬತ್ತಿ ಹಚ್ಚುತ್ತೇನೆ, ನಿಮ್ಮ ಹೆಸರಿನಲ್ಲೂ ಒಂದು.”

“ಹೇಳುತ್ತೇನೆ” ಎಂದಳು. “ಮೊದಲು ಆ ಕಡೆ ಸರಿದು ಕೂತುಕೊಳ್ಳಿ. ನೀವು ಅಡ್ಡ ಕೂತರೆ ಬರುವವರಿಗೆ ನನ್ನ ತಟ್ಟೆ ಕಾಣಿಸುವುದಿಲ್ಲ.”

ಸರಿದು ಕುಳಿತೆ.