ಎರಡು ಎಕರೆ ಹತ್ತು ಗುಂಟೆ

ಜನವರಿಯ ಮೊದಲ ವಾರದ ಒಂದು ಬೆಳಗಿನ ಜಾವ ಉದ್ಯಾನ್ ಎಕ್ಸ್‌ಪ್ರೆಸ್‌ನಿಂದ ಯಾದಗಿರಿ ನಿಲ್ದಾಣದಲ್ಲಿ ಇಳಿದಾಗ ನನ್ನ ಚೀಲದಲ್ಲಿ ಎರಡು ಕ್ಯಾಮೆರಾಗಳೂ, ವಿದೇಶದ ಸಹಾಯ ಸಂಸ್ಥೆಯೊಂದು ಕಳುಹಿಸಿದ್ದ ಎರಡು ಪುಟಗಳ ಸೂಚನೆಯೂ ಇದ್ದವು. ಆ ಸಂಸ್ಥೆಯ ವಾರ್ಷಿಕ ವರದಿಗೆ ಸುರಪುರ ತಾಲ್ಲೂಕಿನ ಕೆಲವು ಹಳ್ಳಿಗಳ ರೈತ ಮಹಿಳೆಯರ ಚಿತ್ರಗಳು ಬೇಕಾಗಿದ್ದವು. ನೇರವಾಗಿ ಕ್ಯಾಮೆರಾ ನೋಡುವ ಮಗು, ಚಪ್ಪಲಿಯಿಲ್ಲದ ಪಾದಗಳು, ಬಿರುಕು ಬಿಟ್ಟ ನೆಲ, ತಲೆಯ ಮೇಲೆ ಕೊಡ ಹೊತ್ತ ಹೆಂಗಸು ಎಂದು ಏನೇನು ತೆಗೆಯಬೇಕೆಂಬುದನ್ನು ಸೂಚನೆಯಲ್ಲಿ ಮೊದಲೇ ಬರೆದಿದ್ದರು. ಮೊಬೈಲು, ಮೋಟಾರ್ ಸೈಕಲ್ಲು ಚಿತ್ರದೊಳಗೆ ಬಾರದಂತೆ ನೋಡಿಕೊಳ್ಳಬೇಕೆಂದೂ ಕೇಳಿಕೊಂಡಿದ್ದರು. ಹನ್ನೊಂದು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ನನಗೆ ಇಂಥ ಪಟ್ಟಿ ಹೊಸದೇನೂ ಅಲ್ಲ. ಆದರೆ ಈ ಬಾರಿ ಅದರಲ್ಲಿನ ಒಂದೊಂದು ಸಾಲೂ ಸುಳ್ಳಾಗುತ್ತ ಹೋಯಿತು.

ಮೊದಲ ದಿನದ ಬಗ್ಗೆ ಹೇಳುವುದು ಒಂದೇ ಇದೆ, ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಒಪ್ಪಿಗೆ ಪತ್ರದ ಕನ್ನಡ ಪ್ರತಿಯನ್ನು ನುಡಿ ತಂತ್ರಾಂಶದಲ್ಲಿ ಸಿದ್ಧಪಡಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದೆ. ಊರಿನ ಜೆರಾಕ್ಸ್ ಅಂಗಡಿಯ ಗಣಕದಲ್ಲಿ ಆ ಫಾಂಟ್ ಇಲ್ಲದ ಕಾರಣ, ನಲವತ್ತು ಪ್ರತಿಗಳೂ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳಾಗಿ ಹೊರಬಂದವು. ಅದನ್ನು ಸರಿಪಡಿಸುವಷ್ಟರಲ್ಲಿ ಬೆಳಗಿನ ಎಳೆಬಿಸಿಲು ಮುಗಿದು, ಮುಖಗಳ ಮೇಲೆ ಕಪ್ಪು ನೆರಳು ಬೀಳಿಸುವ ಮಧ್ಯಾಹ್ನದ ಬಿಸಿಲು ಬಂದಿತ್ತು. ಇಂಥ ಕೆಲಸಕ್ಕೆ ಹೊರಡುವವರು ಪತ್ರವನ್ನು ಯೂನಿಕೋಡ್‌ನಲ್ಲಿ ಬರೆದು, ಪಿಡಿಎಫ್ ಮಾಡಿ, ಸಾಧ್ಯವಾದರೆ ತಮ್ಮೂರಿನಲ್ಲಿಯೇ ಮುದ್ರಿಸಿಕೊಂಡು ಹೋಗಬೇಕು. ಹಾಗೆಯೇ ಕ್ಯಾಮೆರಾದಲ್ಲಿಯೂ ಫೋನಿನಲ್ಲಿಯೂ ಸ್ಥಳ ದಾಖಲಿಸುವ ಸೌಲಭ್ಯವನ್ನು ನಿಲ್ಲಿಸಿರಬೇಕು. ಮಗುವಿನ ಹೆಸರು ಬದಲಿಸಿ ಬರೆದರೂ ಚಿತ್ರದ ಕಡತದೊಳಗೆ ಅದರ ಮನೆಯ ಅಕ್ಷಾಂಶ, ರೇಖಾಂಶ ಉಳಿದುಬಿಟ್ಟರೆ ಹೆಸರು ಬದಲಿಸಿಯೂ ಪ್ರಯೋಜನವಿಲ್ಲ.

ಮರುದಿನ ಭೀಮೆಯನ್ನು ದಾಟಿ, ಶಹಾಪುರದ ಬಳಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟಸಾಲನ್ನು ನೋಡುತ್ತ ಸುರಪುರದ ಕಡೆಗೆ ಹೋದೆವು. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ನೋಡಲು ಸಿಕ್ಕಿದ್ದು ಅರ್ಧ ಗಂಟೆ ಮಾತ್ರ. ವಸತಿಗೃಹದ ಎಣ್ಣೆ ತೇಲುವ ಪನೀರು ನನಗೆ ಸ್ವಲ್ಪವೂ ರುಚಿಸಲಿಲ್ಲ. ಆದರೆ ಹಳ್ಳಿಯ ಮನೆಯಲ್ಲಿ ಬಡಿಸಿದ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ ಮತ್ತು ಶೇಂಗಾ ಹಿಂಡಿಯ ಊಟವನ್ನು ಮರೆಯಲಾರೆ.

ಆ ಮನೆಯಾಕೆಗೆ ಸುಮಾರು ನಲವತ್ತೈದು ವರ್ಷವಿರಬಹುದು. ತೊಗರಿ ರಾಶಿ ಮುಗಿದಿತ್ತು, ಹತ್ತಿಯ ಕೊನೆಯ ಬಿಡಿಸುವಿಕೆ ಬಾಕಿಯಿತ್ತು. ತೊಗರಿ ಕಟಾವಾದ ಎರೆಹೊಲದಲ್ಲಿ ಬೆರಳು ತೂರುವಷ್ಟು ಅಗಲವಾದ ಬಿರುಕುಗಳಿದ್ದವು. ಸೂಚನೆಯಲ್ಲಿ ಕೇಳಿದ್ದ ನೆಲ ಕಣ್ಣೆದುರಿಗೇ ಇತ್ತು. ಆದರೆ ಎರೆಮಣ್ಣಿನ ಗುಣವೇ ಅದು. ಮಳೆ ಬಂದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುವ ಆ ಮಣ್ಣು ಒಳ್ಳೆಯ ಬೆಳೆ ಬಂದ ವರ್ಷವೂ ಹಾಗೆಯೇ ಬಿರಿಯುತ್ತದೆ. ಆಕೆಯ ತೊಗರಿಯ ಚೀಲಗಳು ಪಡಸಾಲೆಯಲ್ಲಿ ಸೂರಿನವರೆಗೆ ಪೇರಿಸಿದ್ದವು. ಆ ಬಿರುಕುಗಳ ನಡುವೆ ಆಕೆಯನ್ನು ನಿಲ್ಲಿಸಿ ಚಿತ್ರ ತೆಗೆದಿದ್ದರೆ, ಈ ಮಣ್ಣನ್ನು ಎಂದೂ ಕಾಣದ ಓದುಗರು ಬರಗಾಲವೆಂದೇ ತಿಳಿಯುತ್ತಿದ್ದರು. ನಾನು ತೆಗೆಯಲಿಲ್ಲ.

ಸಂಸ್ಥೆಯ ಸ್ಥಳೀಯ ಕಾರ್ಯಕರ್ತೆಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ. ಬೀಜ, ಸಾಲ, ತರಬೇತಿ ಕೊಡಿಸುವವರು ಪಕ್ಕದಲ್ಲಿಯೇ ನಿಂತಿರುವಾಗ ಫೋಟೋ ಬೇಡವೆಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಹೇಳಿದೆ. ಚಿತ್ರ ಎಲ್ಲೆಲ್ಲಿ ಬರಬಹುದು, ಅಂತರ್ಜಾಲಕ್ಕೆ ಹೋದ ಮೇಲೆ ಅದನ್ನು ಪೂರ್ತಿ ಹಿಂತೆಗೆಯುವುದು ಏಕೆ ಕಷ್ಟ, ಒಲ್ಲೆ ಎಂದರೆ ಬರುವ ಸಹಾಯ ನಿಲ್ಲುವುದಿಲ್ಲ ಎಂಬುದನ್ನೆಲ್ಲ ವಿವರಿಸಿದೆ. ಆಕೆ ಎಲ್ಲವನ್ನೂ ಕೇಳಿ, ಸಹಿ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿದರು.

"ಅಕ್ಕಾರ, ಫೋಟೋದ ಬುಡಕ ಏನ್ ಬರೀತೀರಿ?"

ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅಡಿಬರಹವನ್ನು ಕಚೇರಿಯಲ್ಲಿ ಬರೆಯುತ್ತಾರೆ ಎಂದೆ. ಆಕೆ ಪೆನ್ನನ್ನು ನೆಲದ ಮೇಲೆ ಇಟ್ಟರು.

"ಎರಡು ವರ್ಷದ ಹಿಂದ ಬ್ಯಾರೆ ಯಾರೋ ಬಂದಿದ್ರು. ಛಲೋನೇ ಮಾತಾಡಿದ್ರು. ನಮ್ಮ ಹುಡುಗಿ ಫೋಟೋ ತಗೊಂಡು ಹೋದ್ರು. ಆಮ್ಯಾಲ ನಮ್ಮ ಮೈದುನ, ಪುಣೆದಾಗ ದುಡಿಲಾಕ ಹೋಗ್ಯಾನ, ಅಂವ ಫೋನಿನ್ಯಾಗ ಆ ಫೋಟೋ ಕಳಿಸಿದ. ಬುಡಕ ಇಂಗ್ಲೀಷಿನ್ಯಾಗ ಬರದಿತ್ತು. ಸಾಲಿ ಮಾಸ್ತರು ಓದಿ ಹೇಳಿದ್ರು, ಈ ಹುಡುಗಿ ಸಾಲಿ ಕಂಡಿಲ್ಲ ಅಂತ ಬರದಾರಂತ. ಅವಾಗ ಆಕಿ ಏಳನೇತ್ತ ಓದಲತ್ತಿದ್ಲು."

"ಹುಡುಗಿ ಏನೆಂದಳು, ಅವ್ವಾ?" ಎಂದು ಕೇಳಿದೆ.

"ಎರಡು ದಿನ ಸಾಲಿಗಿ ಹೋಗಲಿಲ್ರಿ. ನನ್ನ ಹಾಜರಿ ಇಲ್ಲೇನು, ನನ್ನ ಮಾರ್ಕ್ಸ್ ಇಲ್ಲೇನು ಅಂತ ಅತ್ಲು."

ಒಳಗಿನಿಂದ ಆ ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಮ್ಮನ್ನೇ ನೋಡುತ್ತಿದ್ದಳು. ಈಗ ಒಂಬತ್ತನೆಯ ತರಗತಿ. ನಾನು ಅವಳ ಕಡೆಗೆ ಕ್ಯಾಮೆರಾ ತಿರುಗಿಸಲಿಲ್ಲ, ತಾಯಿಯೂ ಅದಕ್ಕೆ ಒಪ್ಪುತ್ತಿರಲಿಲ್ಲ.

ಈ ಕೆಲಸದ ಚರಿತ್ರೆಯಲ್ಲಿ ಅಡಿಬರಹ ತಪ್ಪಿದ ಚಿತ್ರಗಳು ಕಡಿಮೆಯಲ್ಲ. ಸುಡಾನಿನ ಕ್ಷಾಮದಲ್ಲಿ ಕೆವಿನ್ ಕಾರ್ಟರ್ ತೆಗೆದು, 1993ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿ, 1994ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಚಿತ್ರದಲ್ಲಿ ರಣಹದ್ದಿನ ಮುಂದೆ ಕುಸಿದಿದ್ದ ಮಗುವನ್ನು ಜಗತ್ತೆಲ್ಲ ಹೆಣ್ಣುಮಗು ಎಂದೇ ಕರೆಯಿತು. ಅದು ಗಂಡುಮಗುವೆಂದೂ, ಆ ಕ್ಷಾಮದಲ್ಲಿ ಬದುಕುಳಿಯಿತೆಂದೂ 2011ರಲ್ಲಿ ತಂದೆಯನ್ನು ಹುಡುಕಿ ಕೇಳಿದ ಮೇಲಷ್ಟೇ ತಿಳಿಯಿತು. ಸ್ಟೀವ್ ಮೆಕ್‌ಕರಿ 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಆಫ್ಘನ್ ಹುಡುಗಿಯ ಮುಖವನ್ನು 1985ರಿಂದ ಕೋಟ್ಯಂತರ ಜನ ನೋಡಿದರು. ಶರ್ಬತ್ ಗುಲಾ ಎಂಬ ಆಕೆಯ ಹೆಸರು ಹೊರಗೆ ಬಂದದ್ದು 2002ರಲ್ಲಿ, ಆಕೆ ಆ ಚಿತ್ರವನ್ನು ಮೊದಲ ಬಾರಿ ನೋಡಿದ್ದೂ ಆಗಲೇ. ಇಥಿಯೋಪಿಯಾದ 1984ರ ಕ್ಷಾಮದ ಚಿತ್ರಗಳ ಬಗ್ಗೆ ಎದ್ದ ಪ್ರಶ್ನೆಗಳ ನಂತರ ಯುರೋಪಿನ ಸಹಾಯ ಸಂಸ್ಥೆಗಳು 1989ರಲ್ಲಿ ಚಿತ್ರಗಳ ಬಳಕೆಗೆ ನೀತಿಸಂಹಿತೆಯನ್ನು ಮಾಡಿಕೊಂಡವು, 2006ರಲ್ಲಿ ಅದನ್ನು ಹೊಸದಾಗಿ ಬರೆದವು. ಚಿತ್ರದಲ್ಲಿರುವವರ ಘನತೆಯನ್ನು ಕಾಯಬೇಕು, ಅವರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದು ಅದು ಹೇಳುತ್ತದೆ. ನಾನು ಅದನ್ನು ಓದಿದ್ದೇನೆ, ತರಬೇತಿಗಳಲ್ಲಿ ಕಲಿಸಿಯೂ ಇದ್ದೇನೆ. ಆದರೂ ಅಡಿಬರಹವನ್ನು ಚಿತ್ರದಲ್ಲಿರುವವರ ಮುಂದೆಯೇ ಬರೆದು ಓದಿ ಹೇಳಬೇಕೆಂಬುದು, ಆ ಪಡಸಾಲೆಯಲ್ಲಿ ಆಕೆ ಪೆನ್ನನ್ನು ನೆಲದ ಮೇಲೆ ಇಡುವವರೆಗೆ ನನಗೆ ಹೊಳೆದಿರಲಿಲ್ಲ.

"ಹಾಗಾದರೆ ನೀವೇ ಹೇಳಿ, ನಾನು ಬರೆದುಕೊಳ್ಳುತ್ತೇನೆ" ಎಂದೆ.

ಆಕೆ ಒಡನೆ ಹೇಳಲಿಲ್ಲ. ಮೊದಲು ಒಳಗೆ ಹೋಗಿ ಹಸಿರು ಇಳಕಲ್ ಸೀರೆ ಉಟ್ಟು, ತಲೆ ಬಾಚಿಕೊಂಡು ಬಂದರು. ಎಲ್ಲಿ ಕೂರಬೇಕೆಂಬುದನ್ನೂ ಅವರೇ ನಿರ್ಧರಿಸಿದರು. ತೊಗರಿ ಚೀಲಗಳ ಮುಂದೆ ಮಂಚದ ಮೇಲೆ ಕುಳಿತು, ಪಕ್ಕದಲ್ಲಿ ಮೊಬೈಲನ್ನು ಇಟ್ಟುಕೊಂಡರು. ನಾನು ನೆಲದ ಮೇಲೆ ಕುಳಿತೆ. ನಿಂತು ಮೇಲಿನಿಂದ ತೆಗೆದರೆ ಕುಳಿತವರು ಕುಗ್ಗಿದಂತೆ ಕಾಣುತ್ತಾರೆ. ಬಾಗಿಲಿನಿಂದ ಬರುತ್ತಿದ್ದ ಬೆಳಕು ಅವರ ಮುಖದ ಒಂದು ಬದಿಗೆ ಮೆದುವಾಗಿ ಬೀಳುತ್ತಿತ್ತು. ಹನ್ನೆರಡು ಚಿತ್ರ ತೆಗೆದು ಒಂದೊಂದನ್ನೂ ಕ್ಯಾಮೆರಾದ ಪರದೆಯ ಮೇಲೆ ತೋರಿಸಿದೆ. ಅವರು ನಾಲ್ಕನ್ನು ಬೇಡವೆಂದರು, ಅವರ ಎದುರಿಗೇ ಅಳಿಸಿದೆ.

ನಂತರ ಅಡಿಬರಹ ಹೇಳತೊಡಗಿದರು. ಹೊಲವನ್ನು ಗಂಡನೊಡನೆ ತಾನೂ ಉಳುಮೆಯಿಂದ ರಾಶಿಯವರೆಗೆ ನೋಡಿಕೊಳ್ಳುವುದು, ಹೆಂಗಸರ ಸಂಘದ ಲೆಕ್ಕ ಇಡುವುದು, ಹೋದ ವರ್ಷ ಸಂಘದಿಂದ ಬೀಜ ಪಡೆದದ್ದು, ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವುದು, ಇಷ್ಟೂ ಬರಬೇಕೆಂದರು. ಐದು ವಾಕ್ಯಗಳಾದವು. ಓದಿ ಹೇಳಿದೆ. ಮೊದಲ ವಾಕ್ಯದಲ್ಲಿ ನಾನು 'ಎರಡು ಎಕರೆ ಹೊಲವಿರುವ' ಎಂದು ಬರೆದಿದ್ದೆ. ಅಲ್ಲಿಗೇ ನಿಲ್ಲಿಸಿದರು.

"ಎರಡು ಎಕರೆ ಅಲ್ರಿ. ಎರಡು ಎಕರೆ ಹತ್ತು ಗುಂಟೆ."

ಹತ್ತು ಗುಂಟೆಯನ್ನು ಸೇರಿಸಿ ಮತ್ತೊಮ್ಮೆ ಮೊದಲಿನಿಂದ ಓದಿದೆ. ಬಾಗಿಲಲ್ಲಿ ನಿಂತಿದ್ದ ಹುಡುಗಿ ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ತಾನೂ ಒಮ್ಮೆ ಓದಿ ನೋಡಿ, ತಾಯಿಗೆ ತಲೆಯಾಡಿಸಿದಳು. ಆಕೆ ನೆಲದ ಮೇಲಿದ್ದ ಪೆನ್ನನ್ನು ಎತ್ತಿಕೊಂಡು ಒಪ್ಪಿಗೆ ಪತ್ರಕ್ಕೆ ನಿಧಾನವಾಗಿ ಸಹಿ ಹಾಕಿದರು.