ಸಾಂಟಾ ಕ್ಲಾರಾದಿಂದ ಎನ್‌ಬಿಎಗೆ ಹೋಗೋಕಾಗುತ್ತಾ?

ನಾನು ಕಾಲೇಜ್ ಬ್ಯಾಸ್ಕೆಟ್‌ಬಾಲ್ ನೋಡುತ್ತೇನೆ, ಅದೂ ಇಲ್ಲೇ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಸಾಂಟಾ ಕ್ಲಾರಾದಂಥ ಸಣ್ಣ ಕಾಲೇಜುಗಳ ಆಟ ನೋಡುತ್ತೇನೆ ಅಂತ ಗೊತ್ತಾದರೆ ಸಾಕು, ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಅಲ್ರೀ, ಅಲ್ಲಿಂದ ಯಾರಾದರೂ ಎನ್‌ಬಿಎಗೆ ಹೋಗ್ತಾರಾ? ಅದಕ್ಕೆ ಡ್ಯೂಕೋ ಕೆಂಟಕಿಯೋ ಅಂಥ ದೊಡ್ಡ ಕಾಲೇಜೇ ಆಗಬೇಕಲ್ವಾ?" ಕೆಲವರು ಸುಮ್ನೆ ಕುತೂಹಲಕ್ಕೆ ಕೇಳುತ್ತಾರೆ. ಇನ್ನು ಕೆಲವರ ಮಗನೋ ಮಗಳೋ ಹೈಸ್ಕೂಲ್ ಟೀಮಿನಲ್ಲಿರುತ್ತಾರೆ. ಅವರ ದನಿಯೇ ಬೇರೆ.

ಹೋಗುತ್ತಾರೆ. ಹೋದವರು ಅಂತಿಂಥವರೂ ಅಲ್ಲ. ಎನ್‌ಬಿಎ ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್. ಅದರಲ್ಲಿ ಅತಿ ಹೆಚ್ಚು ಚಾಂಪಿಯನ್‌ಶಿಪ್ ಗೆದ್ದ ಆಟಗಾರ ಬಿಲ್ ರಸೆಲ್, 13 ಸೀಸನ್‌ನಲ್ಲಿ 11. ಅತಿ ಹೆಚ್ಚು ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕುವಂತೆ ಚೆಂಡು ದಾಟಿಸುವುದು) ಮಾಡಿದವನು ಜಾನ್ ಸ್ಟಾಕ್ಟನ್, 15,806. ಇಬ್ಬರೂ ಈ ವೆಸ್ಟ್ ಕೋಸ್ಟ್ ಕಾನ್ಫರೆನ್ಸಿನ ಕಾಲೇಜುಗಳಿಂದಲೇ ಬಂದವರು.

ಕಾನ್ಫರೆನ್ಸ್ ಅಂದರೆ ವರ್ಷವಿಡೀ ತಮ್ಮತಮ್ಮಲ್ಲೇ ಜಾಸ್ತಿ ಆಡುವ ಕಾಲೇಜುಗಳ ಗುಂಪು. ಇದು 1952ರಲ್ಲಿ ಹುಟ್ಟಿದ್ದೇ ನಮ್ಮ ಸುತ್ತಮುತ್ತ. ಸ್ಯಾನ್ ಫ್ರಾನ್ಸಿಸ್ಕೊ, ಸಾಂಟಾ ಕ್ಲಾರಾ, ಸೇಂಟ್ ಮೇರೀಸ್, ಪೆಸಿಫಿಕ್, ಸ್ಯಾನ್ ಹೋಸೆ ಸ್ಟೇಟ್, ಈ ಐದು ಸೇರಿ ಶುರು ಮಾಡಿದ್ದು. ಸ್ಯಾನ್ ಹೋಸೆ ಆಮೇಲೆ ಬಿಟ್ಟುಹೋಯಿತು. ಲಾಸ್ ಏಂಜಲೀಸ್ ಕಡೆಯ ಲೊಯೋಲಾ ಮೇರಿಮೌಂಟ್, ಪೆಪ್ಪರ್‌ಡೈನ್ ಬಂದವು, 1979ರಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನ ಗೊನ್ಜಾಗ ಬಂತು. ಹೆಚ್ಚಿನವು ಚರ್ಚಿನವರು ಕಟ್ಟಿದ ಖಾಸಗಿ ಕಾಲೇಜುಗಳು. ಸಾಂಟಾ ಕ್ಲಾರಾದ ಲೀವಿ ಸೆಂಟರ್‌ನಲ್ಲಿ ಐದು ಸಾವಿರ ಸೀಟೂ ಇಲ್ಲ. ಕೆಂಟಕಿಯವರ ಅಂಗಳದಲ್ಲಿ ಸುಮಾರು ಇಪ್ಪತ್ತು ಸಾವಿರ ಜನ ಕೂರುತ್ತಾರೆ. ನನಗೆ ಸಣ್ಣದೇ ಇಷ್ಟ. ಕೋಚ್ ಬೈದದ್ದೂ ಕೇಳಿಸುತ್ತದೆ.

ಈಗ ಡ್ರಾಫ್ಟ್ ವಿಷಯ, ಅಂದರೆ ಎನ್‌ಬಿಎ ತಂಡಗಳು ಪ್ರತಿ ವರ್ಷ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ. ನಮಗೆ ಐಪಿಎಲ್ ಹರಾಜು ಗೊತ್ತು, ಅದನ್ನೇ ತಲೆಯಲ್ಲಿಟ್ಟುಕೊಂಡರೆ ಇದು ಅರ್ಥವಾಗಲ್ಲ. ಇಲ್ಲಿ ಕೂಗಿ ಬೆಲೆ ಏರಿಸುವುದಿಲ್ಲ. ಸರದಿ ಇರುತ್ತದೆ. ಹಿಂದಿನ ಸೀಸನ್‌ನಲ್ಲಿ ಸೋತು ಸುಣ್ಣವಾದ ತಂಡಗಳಿಗೆ ಸರದಿಯಲ್ಲಿ ಮುಂದೆ ಬರುವ ಅವಕಾಶ ಜಾಸ್ತಿ. ಬೇಕಂತಲೇ ಸೋಲಬಾರದು ಅಂತ ಮೊದಲ ಕೆಲವು ಸ್ಥಾನಗಳಿಗೆ 1985ರಿಂದ ಲಾಟರಿ ಎತ್ತುತ್ತಾರೆ. ಒಂದು ತಂಡ ಒಬ್ಬನ ಹೆಸರು ಹೇಳಿದರೆ ಮುಗೀತು, ಅವನು ಆ ತಂಡದವನು. ಮೊದಲ ಸುತ್ತಿನಲ್ಲಿ ಎಷ್ಟನೇ ನಂಬರಿಗೆ ಹೋದ ಅನ್ನುವುದರ ಮೇಲೆ ಸಂಬಳ ಹೆಚ್ಚುಕಡಿಮೆ ಮೊದಲೇ ನಿಗದಿ, ಎರಡು ವರ್ಷದ ದುಡ್ಡು ಗ್ಯಾರಂಟಿ. ಎರಡನೇ ಸುತ್ತಿನವರಿಗೆ ಅಂಥ ಗ್ಯಾರಂಟಿ ಇಲ್ಲ. ಎರಡೂ ಸುತ್ತು ಸೇರಿ ಸುಮಾರು 60 ಹೆಸರು, ಇಡೀ ಜಗತ್ತಿಗೆ.

ಹಾಗಾದರೆ ಸಣ್ಣ ಕಾಲೇಜಿನವನ ಹೆಸರು ಆ ಪಟ್ಟಿಗೆ ಬರುವುದು ಹೇಗೆ? ನನಗನ್ನಿಸುವುದು ಇಷ್ಟು: ಹದಿನೇಳನೇ ವಯಸ್ಸಿಗೆ ಯಾರ ಕಣ್ಣಿಗೂ ಬೀಳದ ಹುಡುಗರು ಇಲ್ಲಿಗೆ ಬರುತ್ತಾರೆ. ಆಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಇಪ್ಪತ್ತೊಂದಕ್ಕೆ ಬೇರೆಯೇ ಆಟಗಾರರಾಗಿರುತ್ತಾರೆ. ಕಾಲೇಜು ಯಾರನ್ನೂ ಎನ್‌ಬಿಎಗೆ ಕಳಿಸುವುದಿಲ್ಲ, ಬೆಳೆಯಲು ಜಾಗ ಬಿಡುತ್ತದೆ ಅಷ್ಟೇ.

ಸ್ಟೀವ್ ನ್ಯಾಶ್‌ನನ್ನೇ ನೋಡಿ. ಕೆನಡಾದ ವಿಕ್ಟೋರಿಯಾದ ಹುಡುಗ. ಅವನ ಶಾಲೆಯ ಕೋಚ್ ಅಮೆರಿಕದ ಕಾಲೇಜುಗಳಿಗೆ ಪತ್ರ ಬರೆದ, ವಿಡಿಯೋ ಟೇಪ್ ಕಳಿಸಿದ. ಬಹುತೇಕ ಕಡೆಯಿಂದ ಉತ್ತರವೇ ಇಲ್ಲ. ಕೊನೆಗೆ ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದದ್ದು ಒಂದೇ ಕಾಲೇಜು, ಸಾಂಟಾ ಕ್ಲಾರಾ. ಡಿಕ್ ಡೇವಿ ಅನ್ನುವ ಕೋಚ್ ಹೋಗಿ ಅವನ ಆಟ ನೋಡಿದ. ಬೇರೆ ಕಾಲೇಜಿನವರು ಯಾರೂ ಇವನನ್ನು ನೋಡದಿದ್ದರೆ ಸಾಕಪ್ಪಾ ಅಂತ ಒಳಗೊಳಗೇ ಹೆದರಿದ್ದನಂತೆ. 1993ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಟೂರ್ನಮೆಂಟಿನಲ್ಲಿ 15ನೇ ಶ್ರೇಯಾಂಕದ ಸಾಂಟಾ ಕ್ಲಾರಾ ಎರಡನೇ ಶ್ರೇಯಾಂಕದ ಅರಿಜೋನಾವನ್ನು ಸೋಲಿಸಿತು. ನ್ಯಾಶ್ ಆಗ ಮೊದಲ ವರ್ಷದ ವಿದ್ಯಾರ್ಥಿ. ಕೊನೆಯ ಅರ್ಧ ನಿಮಿಷದಲ್ಲಿ ಸತತ ಆರು ಫ್ರೀ ಥ್ರೋ (ಎದುರಾಳಿಯ ಫೌಲಿಗೆ ಸಿಗುವ, ಯಾರೂ ಅಡ್ಡ ಬರದ ಎಸೆತ) ಹಾಕಿದ. ಇಡೀ ದೇಶ ನೋಡುತ್ತಿರುವಾಗ, ಸ್ವಲ್ಪವೂ ಕೈ ನಡುಗದೆ.

ನಾಲ್ಕು ವರ್ಷ ಪೂರ್ತಿ ಆಡಿ 1996ರಲ್ಲಿ ಡ್ರಾಫ್ಟಿಗೆ ಹೋದ. ಫೀನಿಕ್ಸ್ 15ನೇ ನಂಬರಿಗೆ ಆರಿಸಿತು. ಅಲ್ಲಿನ ಅಭಿಮಾನಿಗಳು ಛೀ ಥೂ ಅಂದರು. ಸಾಂಟಾ ಕ್ಲಾರಾದ ಸಣಕಲು ಬಿಳಿ ಹುಡುಗ ನಮಗ್ಯಾಕೆ ಅಂತ. ನಡುವೆ ಡಲ್ಲಾಸ್‌ಗೆ ಹೋಗಿ, 2004ರಲ್ಲಿ ಅದೇ ಫೀನಿಕ್ಸ್‌ಗೆ ವಾಪಸ್ ಬಂದು, 2005 ಮತ್ತು 2006ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ. ಛೀ ಅಂದವರೇ ಅವನ ಜೆರ್ಸಿ ಕೊಂಡರು, ಇನ್ನೇನು ಮಾಡ್ತಾರೆ?

ಸ್ಟಾಕ್ಟನ್ ಕಥೆಯೂ ಹೆಚ್ಚುಕಡಿಮೆ ಇದೇ. ಸ್ಪೋಕೇನ್‌ನಲ್ಲೇ ಹುಟ್ಟಿ, ಮನೆ ಪಕ್ಕದ ಗೊನ್ಜಾಗದಲ್ಲೇ ಓದಿದವನು. 1984ರಲ್ಲಿ ಯೂಟಾ ಜಾಜ್ 16ನೇ ನಂಬರಿಗೆ ತೆಗೆದುಕೊಂಡಿತು. ಮುಂದೆ ದಿಗ್ಗಜರಾದ ಒಲಾಜುವಾನ್, ಜೋರ್ಡನ್, ಬಾರ್ಕ್ಲಿ ಬಂದ ಡ್ರಾಫ್ಟ್ ಅದು. ಹತ್ತೊಂಬತ್ತು ಸೀಸನ್ ಒಂದೇ ತಂಡಕ್ಕೆ ಆಡಿದ. ಕಳ್ಳನ ಹಾಗೆ ಎದುರಾಳಿಯ ಕೈಯಿಂದ ಚೆಂಡು ಎಗರಿಸುವುದರಲ್ಲೂ ದಾಖಲೆ ಅವನದೇ, 3,265.

ಪೆಪ್ಪರ್‌ಡೈನ್‌ನ ಡೆನಿಸ್ ಜಾನ್ಸನ್ ಬಗ್ಗೆ ಇಲ್ಲಿ ಯಾರೂ ಮಾತಾಡಲ್ಲ, ನನಗೆ ಅದೇ ಬೇಜಾರು. ಹೈಸ್ಕೂಲ್ ಮುಗಿಸಿ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವನು. 1976ರಲ್ಲಿ ಸಿಯಾಟಲ್ ಎರಡನೇ ಸುತ್ತಿನಲ್ಲಿ, 29ನೇ ನಂಬರಿಗೆ ಕರೆಯಿತು. ಮೂರು ವರ್ಷದಲ್ಲಿ ಸಿಯಾಟಲ್ ಚಾಂಪಿಯನ್, ಫೈನಲ್ಸ್‌ನ ಅತ್ಯುತ್ತಮ ಆಟಗಾರ ಇವನೇ.

ಅಂಥವರ ಮಧ್ಯೆ ನಂಬರ್ ಚೆನ್ನಾಗಿದ್ದೂ ಮುಂದೆ ಹೋಗದವರಿದ್ದಾರೆ. ಗೊನ್ಜಾಗದ ಆಡಮ್ ಮಾರಿಸನ್‌ಗೆ ಟೈಪ್ 1 ಡಯಾಬಿಟಿಸ್. ಬೆಂಚಿನಲ್ಲಿ ಕೂತು ಇನ್ಸುಲಿನ್ ಚುಚ್ಚಿಕೊಂಡು ಮತ್ತೆ ಅಂಗಳಕ್ಕೆ ಇಳಿಯುತ್ತಿದ್ದ ಹುಡುಗ. 2005-06ರಲ್ಲಿ ಪ್ರತಿ ಆಟಕ್ಕೆ ಸರಾಸರಿ 28.1 ಪಾಯಿಂಟ್, ಇಡೀ ದೇಶದಲ್ಲಿ ಮೊದಲ ಸ್ಥಾನ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಕಾಲೇಜಿನ ಮೇಲೆ ಗೆಲ್ಲುತ್ತಿದ್ದ ಆಟ ಕೈ ಜಾರಿದಾಗ ಅಂಗಳದಲ್ಲೇ ಅತ್ತುಬಿಟ್ಟ. ಷಾರ್ಲೆಟ್ ಅವನನ್ನು 3ನೇ ನಂಬರಿಗೆ ಆರಿಸಿತು. ಮರು ವರ್ಷ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಮೇಲೆ ಆ ಆಟ ಮರಳಿ ಬರಲಿಲ್ಲ. ಲೇಕರ್ಸ್ ಬೆಂಚಿನಲ್ಲಿ ಕೂತು ಎರಡು ಚಾಂಪಿಯನ್‌ಶಿಪ್ ಉಂಗುರ ಸಿಕ್ಕಿತು. ಆಟಗಾರನಾಗಿ ನ್ಯಾಶ್‌ಗೆ ಒಂದೂ ಸಿಗಲಿಲ್ಲ ನೋಡಿ.

ಬೋ ಕಿಂಬಲ್ ಬಗ್ಗೆ ಹೇಳಬೇಕಾದರೆ ಹ್ಯಾಂಕ್ ಗ್ಯಾದರ್ಸ್ ಬಗ್ಗೆ ಹೇಳಲೇಬೇಕು. ಇಬ್ಬರೂ ಫಿಲಡೆಲ್ಫಿಯಾದ ಗೆಳೆಯರು, ಲೊಯೋಲಾ ಮೇರಿಮೌಂಟ್‌ನಲ್ಲಿ ಜೊತೆಗೆ ಆಡುತ್ತಿದ್ದರು. ಗ್ಯಾದರ್ಸ್ 1988-89ರಲ್ಲಿ ಪಾಯಿಂಟ್ಸ್, ರಿಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು) ಎರಡರಲ್ಲೂ ದೇಶಕ್ಕೇ ಮೊದಲಿಗ. ಎನ್‌ಬಿಎ ಮೊದಲ ಸುತ್ತು ಅವನಿಗೆ ಖಾತ್ರಿ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಹೃದಯದ ಬಡಿತದಲ್ಲಿ ತೊಂದರೆ ಇದೆ ಅಂತ ಗೊತ್ತಾಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದ. 1990ರ ಮಾರ್ಚ್ 4ರಂದು ಕಾನ್ಫರೆನ್ಸ್ ಟೂರ್ನಮೆಂಟ್‌ನಲ್ಲಿ, ಅವರದೇ ಅಂಗಳದಲ್ಲಿ, ಪೋರ್ಟ್‌ಲ್ಯಾಂಡ್ ಎದುರು ಎಗರಿ ಬುಟ್ಟಿಯೊಳಗೇ ಚೆಂಡು ತುರುಕುವ ಒಂದು ಡಂಕ್ ಹಾಕಿ ಸ್ವಲ್ಪ ಹೊತ್ತಿಗೆ ಕುಸಿದುಬಿದ್ದ. ಉಳಿಯಲಿಲ್ಲ. 23 ವರ್ಷ.

ಗ್ಯಾದರ್ಸ್ ಬಲಗೈಯವನು. ಆದರೆ ಫ್ರೀ ಥ್ರೋ ಬೀಳುತ್ತಿರಲಿಲ್ಲ ಅಂತ ಎಡಗೈಯಲ್ಲಿ ಎಸೆಯಲು ಶುರು ಮಾಡಿದ್ದ. ಕೆಲ ದಿನಗಳ ಬಳಿಕ ರಾಷ್ಟ್ರೀಯ ಟೂರ್ನಮೆಂಟಿನಲ್ಲಿ ಕಿಂಬಲ್ ತನ್ನ ಮೊದಲ ಫ್ರೀ ಥ್ರೋಗೆ ನಿಂತಾಗ ಚೆಂಡನ್ನು ಎಡಗೈಗೆ ತೆಗೆದುಕೊಂಡ. ಒಳಗೆ ಬಿತ್ತು. ಆ ತಂಡ ಹಿಂದಿನ ವರ್ಷದ ಚಾಂಪಿಯನ್ ಮಿಷಿಗನ್‌ಗೆ 149 ಪಾಯಿಂಟ್ ಹೊಡೆದು ಗೆದ್ದಿತು, ಎಂಟರ ಘಟ್ಟದವರೆಗೂ ಹೋಯಿತು. ಕಿಂಬಲ್ ಅದೇ ವರ್ಷ 8ನೇ ನಂಬರಿಗೆ ಕ್ಲಿಪ್ಪರ್ಸ್ ಸೇರಿದ, ಮೂರು ಸೀಸನ್‌ನಲ್ಲಿ ಎನ್‌ಬಿಎ ಮುಗಿಯಿತು. ಆ ಎಡಗೈ ಫ್ರೀ ಥ್ರೋ ಮಾತ್ರ ಹಳಬರು ಇವತ್ತಿಗೂ ನೆನೆಸುತ್ತಾರೆ.

ಇವೆಲ್ಲ ಹಳೇ ಕಥೆ, ಈಗಿನದ್ದು ಹೇಳಿ ಅನ್ನುವವರಿಗೆ ನನ್ನ ಉತ್ತರ ಜೇಲನ್ ವಿಲಿಯಮ್ಸ್. ಅರಿಜೋನಾದ ಹುಡುಗ, ಹೈಸ್ಕೂಲ್‌ನಲ್ಲಿ ತಡವಾಗಿ ಉದ್ದ ಬೆಳೆದ. ಗಿಡ್ಡ ಇದ್ದಾಗ ಚೆಂಡು ಪುಟಿಸುತ್ತಾ ಎಲ್ಲರ ಮಧ್ಯೆ ನುಸುಳಲು ಕಲಿತಿದ್ದ. ಉದ್ದ ಆದ ಮೇಲೂ ಆ ಕಲೆ ಉಳಿಯಿತು. ಸಾಂಟಾ ಕ್ಲಾರಾದಲ್ಲಿ ಮೂರು ವರ್ಷ ಆಡಿದ. 2022ರ ಮೇನಲ್ಲಿ ಷಿಕಾಗೋದಲ್ಲಿ ನಡೆಯುವ ಅಳತೆ-ಪರೀಕ್ಷೆಗೆ ಹೋದಾಗಲೂ ಅವನು ಎರಡನೇ ಸುತ್ತಿನ ಸರಕು ಅಂತಲೇ ಲೆಕ್ಕ. ಅಲ್ಲಿ ಶೂ ಬಿಚ್ಚಿಸಿ ಎತ್ತರ ಅಳೆಯುತ್ತಾರೆ, ಕೈ ಚಾಚಿಸಿ ಗೋಡೆಯ ಮೇಲೆ ಬೆರಳ ತುದಿಯಿಂದ ಬೆರಳ ತುದಿಗೆ ಅಳೆಯುತ್ತಾರೆ. ವಿಲಿಯಮ್ಸ್ ಎತ್ತರ ಆರಡಿ ನಾಲ್ಕೂವರೆ ಇಂಚು. ಚಾಚಿದ ಕೈ ಏಳಡಿ ಎರಡು ಇಂಚು! ಅಲ್ಲಿನ ಅಭ್ಯಾಸ ಪಂದ್ಯಗಳಲ್ಲೂ ಚೆನ್ನಾಗಿ ಆಡಿದ. ಜೂನ್‌ನಲ್ಲಿ ಒಕ್ಲಹೋಮ ಸಿಟಿ 12ನೇ ನಂಬರಿಗೆ ಕರೆಯಿತು. ನ್ಯಾಶ್ ನಂತರ 26 ವರ್ಷಕ್ಕೆ ಸಾಂಟಾ ಕ್ಲಾರಾದವನೊಬ್ಬ ಮೊದಲ ಸುತ್ತಿನಲ್ಲಿ.

ಅದೇ ರಾತ್ರಿ ಅದೇ ತಂಡ 2ನೇ ನಂಬರಿಗೆ ಆರಿಸಿದ್ದು ಗೊನ್ಜಾಗದ ಚೆಟ್ ಹೋಮ್‌ಗ್ರೆನ್‌ನನ್ನು. ಮೂರು ವರ್ಷದ ಬಳಿಕ, 2025ರಲ್ಲಿ, ಒಕ್ಲಹೋಮ ಚಾಂಪಿಯನ್. ಫೈನಲ್ಸ್‌ನ ಐದನೇ ಆಟದಲ್ಲಿ ವಿಲಿಯಮ್ಸ್ 40 ಪಾಯಿಂಟ್ ಹೊಡೆದ. ಹೋಮ್‌ಗ್ರೆನ್ ಕಥೆ ನನ್ನ ವಾದಕ್ಕೆ ಸರಿಹೊಂದುವುದಿಲ್ಲ, ಒಪ್ಪುತ್ತೇನೆ. ಹೈಸ್ಕೂಲ್‌ನಲ್ಲೇ ದೇಶದ ದೊಡ್ಡ ಹೆಸರು ಅವನು, ಒಂದೇ ವರ್ಷ ಆಡಿ ಹೋದ. ಆದರೆ ಗೊನ್ಜಾಗವನ್ನು ಈಗ ಸಣ್ಣದು ಅನ್ನೋಕಾಗಲ್ಲ. ಮಾರ್ಕ್ ಫ್ಯೂ 1999ರಿಂದ ಕೋಚ್, 2017 ಮತ್ತು 2021ರಲ್ಲಿ ರಾಷ್ಟ್ರೀಯ ಫೈನಲ್. ಜಪಾನಿನಿಂದ ರುಯಿ ಹಾಚಿಮುರಾ, ಲಿಥುವೇನಿಯಾದ ಸಬೋನಿಸ್, ಎಲ್ಲರೂ ಅಲ್ಲಿಂದಲೇ ಮೊದಲ ಸುತ್ತಿಗೆ ಹೋದವರು. ಅದೇ ಗೊನ್ಜಾಗದ ಇತಿಹಾಸದಲ್ಲೇ ಅತಿ ಹೆಚ್ಚು ಪಾಯಿಂಟ್ ಹೊಡೆದ ಡ್ರೂ ಟಿಮ್ಮಿಯನ್ನು 2023ರಲ್ಲಿ ಯಾರೂ ಕರೆಯಲಿಲ್ಲ. ಮುಂದೆ ಏನಾಗಬಲ್ಲ ಅಂತ ನೋಡಿ ಆರಿಸುತ್ತಾರೆ, ಇಲ್ಲಿತನಕ ಏನು ಮಾಡಿದ ಅಂತಲ್ಲ.

ಟಿಮ್ಮಿಯನ್ನು ಬಿಟ್ಟ ಆ ಡ್ರಾಫ್ಟಿನಲ್ಲೇ ಬ್ರಾಂಡಿನ್ ಪೊಜೆಮ್‌ಸ್ಕಿ 19ನೇ ನಂಬರಿಗೆ ಸ್ಯಾನ್ ಫ್ರಾನ್ಸಿಸ್ಕೊದ ವಾರಿಯರ್ಸ್ ತಂಡ ಸೇರಿದ. ದೊಡ್ಡ ಕಾನ್ಫರೆನ್ಸಿನ ಇಲಿನಾಯ್‌ನಲ್ಲಿ ಬೆಂಚು ಬಿಸಿ ಮಾಡುತ್ತಿದ್ದವನು ಸಾಂಟಾ ಕ್ಲಾರಾಗೆ ಬಂದು ಒಂದೇ ಸೀಸನ್‌ನಲ್ಲಿ ಆಟಕ್ಕೆ ಇಪ್ಪತ್ತರ ಹತ್ತಿರ ಸರಾಸರಿ ಮಾಡಿದ. ಕಾಲೇಜಿನ ಎದುರೇ ಕ್ಯಾಲ್‌ಟ್ರೇನ್ ಸ್ಟೇಷನ್. ಅಲ್ಲಿ ಹತ್ತಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದರೆ ಎನ್‌ಬಿಎ. ಇದಕ್ಕಿಂತ ಹತ್ತಿರದ ದಾರಿ ಬೇಕಾ?

ಆದರೆ ಮುಂದೆಯೂ ಹೀಗೇ ಇರುತ್ತದಾ ಅಂದರೆ ನನಗೆ ಅನುಮಾನ. 2021ರಿಂದ ಆಟಗಾರರು ಒಂದು ವರ್ಷ ಸುಮ್ಮನೆ ಕೂರದೆ ಬೇರೆ ಕಾಲೇಜಿಗೆ ಹಾರಬಹುದು. ಅದೇ ವರ್ಷದಿಂದ ಜಾಹೀರಾತಿನ ದುಡ್ಡೂ ತೆಗೆದುಕೊಳ್ಳಬಹುದು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಹೀಗಿರುವಾಗ ಎರಡನೇ ವರ್ಷ ಚೆನ್ನಾಗಿ ಆಡಿದ ಇನ್ನೊಬ್ಬ ಜೇಲನ್ ವಿಲಿಯಮ್ಸ್ ಮೂರನೇ ವರ್ಷ ಸಾಂಟಾ ಕ್ಲಾರಾದಲ್ಲಿ ಉಳಿಯುತ್ತಾನಾ? ದೊಡ್ಡ ಕಾಲೇಜಿನವರು ಚೆಕ್ ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ. ಹುಡುಗನನ್ನು ತಪ್ಪು ಅನ್ನೋಕಾಗಲ್ಲ. ಗೊನ್ಜಾಗ ಕೂಡ 2026ರ ಜುಲೈಯಿಂದ ಪ್ಯಾಕ್-12 ಅನ್ನುವ ಬೇರೆ ಕಾನ್ಫರೆನ್ಸ್ ಸೇರುವುದಾಗಿ 2024ರಲ್ಲೇ ಹೇಳಿಬಿಟ್ಟಿತು. ಕಾನ್ಫರೆನ್ಸಿಗೆ ಟಿವಿಯಲ್ಲಿ ಬೆಲೆ ತಂದುಕೊಟ್ಟದ್ದೇ ಆ ಕಾಲೇಜು.

ಮಕ್ಕಳ ಸಲುವಾಗಿ ಕೇಳುವವರಿಗೆ ನಾನು ಹೇಳುವುದು ಬೇರೆ. ಮೊದಲನೆಯದು, ಮಗು ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿದ್ದರೆ ಈ ಜಾಹೀರಾತು ದುಡ್ಡಿನ ವ್ಯವಹಾರ ದೊಡ್ಡ ತಲೆನೋವು, ವಕೀಲರನ್ನು ಕೇಳದೆ ಸಹಿ ಹಾಕಬೇಡಿ. ಎರಡನೆಯದು, ಕೋಚ್ ಮನೆಗೆ ಬಂದಾಗ ನಿಮ್ಮ ಕಾಲೇಜಿನಿಂದ ಎಷ್ಟು ಜನ ಎನ್‌ಬಿಎಗೆ ಹೋಗಿದ್ದಾರೆ ಅಂತ ಕೇಳಬೇಡಿ. ನನ್ನ ಮಗ ಮೊದಲ ವರ್ಷ ಆಟಕ್ಕೆ ಎಷ್ಟು ನಿಮಿಷ ಅಂಗಳದಲ್ಲಿರುತ್ತಾನೆ, ಅವನ ಜಾಗಕ್ಕೆ ಇನ್ನೂ ಎಷ್ಟು ಜನರನ್ನು ಕರೆಯುತ್ತಿದ್ದೀರಿ ಅಂತ ಕೇಳಿ. ಅದಕ್ಕೆ ನೇರವಾಗಿ ಉತ್ತರ ಕೊಡುವ ಕೋಚ್ ಸಿಕ್ಕರೆ ನನಗೂ ಹೇಳಿ, ಆ ತಂಡದ ಆಟಕ್ಕೆ ನಾನೂ ಟಿಕೆಟ್ ತೆಗೆದುಕೊಳ್ಳುತ್ತೇನೆ.