ಟು ಲೆಟ್ ಬೋರ್ಡಿನಲ್ಲಿ ವರ್ಬ್ ಯಾವುದು?

'ವರ್ಬ್ ಅಂದ್ರೆ ಡೂಯಿಂಗ್ ವರ್ಡ್, ಕೆಲಸ ಹೇಳುವ ಪದ' ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸುವುದನ್ನು ಇನ್ನಾದರೂ ಬಿಡಬೇಕು. ನಮ್ಮಕ್ಕನ ಮಗಳು ಆರನೇ ಕ್ಲಾಸು. ವರ್ಕ್‌ಶೀಟಿನಲ್ಲಿ 'ಸ್ವಿಮ್ಮಿಂಗ್ ಈಸ್ ಫನ್' ಅಂತಿದ್ದರೆ ಸ್ವಿಮ್ಮಿಂಗ್ ಕೆಳಗೆ ಗೆರೆ ಎಳೆಯುತ್ತಾಳೆ. ಈಜುವುದು ಕೆಲಸ ತಾನೇ? ಹೇಳಿಕೊಟ್ಟ ಹಾಗೇ ಮಾಡಿದ್ದಾಳೆ, ಪಾಪ.

'ಈಸ್' ಕಣ್ಣಿಗೆ ಬೀಳದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. 'ಅವರು ನಮ್ಮ ಮೇಷ್ಟ್ರು' ಅಂದರೆ ಮುಗೀತು, ಕನ್ನಡದಲ್ಲಿ ಅದು ಪೂರ್ತಿ ವಾಕ್ಯ, ಕ್ರಿಯಾಪದವೇ ಬೇಡ. ಇಂಗ್ಲಿಷಿನಲ್ಲಿ ಅಲ್ಲೊಂದು 'ಈಸ್' ಬೇಕೇ ಬೇಕು. ಅದರ ಮೇಲೆ ಬೆಂಗಳೂರಿನ ನಮ್ಮ ಬಾಯಿ ಬೇರೆ: ಫೋನ್ ಮಾಡು, ಕ್ಯಾನ್ಸಲ್ ಮಾಡು, ಹೋಮ್‌ವರ್ಕ್ ಮಾಡು. ಎಲ್ಲದಕ್ಕೂ ಒಂದೇ 'ಮಾಡು' ಅಂಟಿಸಿಬಿಟ್ಟರೆ, ಕ್ಯಾನ್ಸಲ್ ವರ್ಬು, ಹೋಮ್‌ವರ್ಕ್ ನೌನು ಅಂತ ಮಗುವಿಗೆ ಎಲ್ಲಿಂದ ಗೊತ್ತಾಗಬೇಕು?

ನಾನು ಅರ್ಥದ ತಂಟೆಗೇ ಹೋಗುವುದಿಲ್ಲ. ವಾಕ್ಯದ ಮುಂದೆ 'ಯೆಸ್ಟರ್‌ಡೇ' ಹಾಕು, ಯಾವ ಪದ ವೇಷ ಬದಲಿಸಿತೋ ಅದೇ ವರ್ಬ್ ಅನ್ನುತ್ತೇನೆ. ಸ್ವಿಮ್ಮಿಂಗ್ ಹಾಗೇ ಉಳಿಯಿತು, 'ಈಸ್' ಹೋಗಿ 'ವಾಸ್' ಆಯಿತು, ಸಿಕ್ಕಿಬಿತ್ತು. ಕಟ್, ಪುಟ್ ಬದಲಾಗಲ್ಲ ಅಲ್ವಾ ಅಂತೀರಾ? 'ಹಿ ಕಟ್ಸ್' ಅಂತ ಬರೆದು ನೋಡಿ, ನಿನ್ನೆಗೆ ಹೋದರೆ ಕೊನೆಯ ಎಸ್ ಉದುರುತ್ತದೆ. ಮಸ್ಟ್ ಥರದ ಕೆಲವನ್ನು ಮಾತ್ರ ಸುಮ್ನೆ ನೆನಪಿಟ್ಟುಕೊಳ್ಳಬೇಕು.

ಉಳಿದ ಜಾತಿಗಳದ್ದೂ ಇದೇ ಕಥೆ. ಎಲ್‌ವೈ ಇದ್ದರೆ ಆಡ್‌ವರ್ಬ್ ಅಂತಾರೆ, ಆದರೆ 'ಫ್ರೆಂಡ್ಲಿ' ಅಡ್ಜೆಕ್ಟಿವ್. ಗಾಂಧಿ ಬಜಾರಿನಲ್ಲಿ ಒಂದು ರೌಂಡ್ ಹೊಡೆದರೆ ರೌಂಡ್ ನೌನು, 'ರೌಂಡ್ ಟೇಬಲ್' ಅಂದರೆ ಅಡ್ಜೆಕ್ಟಿವ್, 'ರೌಂಡ್ ದ ಕಾರ್ನರ್' ಅಂದರೆ ಪ್ರಿಪೊಸಿಷನ್. ಪದಕ್ಕೆ ಹುಟ್ಟಿನಿಂದ ಬಂದ ಜಾತಿಯಿಲ್ಲ, ಕೂತ ಜಾಗವೇ ಜಾತಿ.

ಅಭ್ಯಾಸಕ್ಕೆ ದುಡ್ಡು ಕೊಟ್ಟು ಪುಸ್ತಕ ತರಬೇಕಾಗಿಲ್ಲ, ರಸ್ತೆಗೆ ಬನ್ನಿ. ಬೀದಿಗೆ ನಾಲ್ಕು 'ಟು ಲೆಟ್' ಬೋರ್ಡು: ಲೆಟ್ ವರ್ಬ್. ಆದರೆ 'ಟು' ಆದಮೇಲೆ ಬಂದದ್ದೆಲ್ಲ ವರ್ಬ್ ಅಲ್ಲ, 'ಗೋ ಟು ಮೆಜೆಸ್ಟಿಕ್' ನೋಡಿ. ಗೇಟಿನ ಮೇಲಿನ 'ನೋ ಪಾರ್ಕಿಂಗ್'ನಲ್ಲಿ ವರ್ಬೇ ಇಲ್ಲ, 'ನೋ' ಮುಂದೆ ಕೂತಿರುವುದರಿಂದ ಪಾರ್ಕಿಂಗ್ ಅಲ್ಲಿ ನೌನು. (ಅದರ ಕೆಳಗೇ ಸ್ಕೂಟರ್ ನಿಲ್ಲಿಸುವವರ ವ್ಯಾಕರಣ ಬೇರೆ.) ಲಾರಿ ಹಿಂದಿನ 'ಸೌಂಡ್ ಹಾರ್ನ್' ನನಗೆ ಜಾಸ್ತಿ ಇಷ್ಟ. ಸೌಂಡ್ ಅಂದರೆ ಸದ್ದು, ನೌನು ಅಂತಲೇ ಎಲ್ಲರೂ ಹೇಳೋದು. ಮುಂದೆ 'ಡೋಂಟ್' ಸೇರಿಸಿ ನೋಡಿ. ಸರಿಯಾಗಿ ಕೂತಿತು, ಹಾಗಾಗಿ ಇಲ್ಲಿ ವರ್ಬ್. 'ಹಾರ್ನ್ ಓಕೆ ಪ್ಲೀಸ್'ಗೆ ಡೋಂಟ್ ಸೇರಿಸಲು ಹೋಗಬೇಡಿ.

ಕಷ್ಟದ್ದು 'ಬಿವೇರ್ ಆಫ್ ಡಾಗ್ಸ್'. ಬಿವೇರ್ ಖಂಡಿತ ವರ್ಬ್, ಆದರೆ ಈಗಿನ ಇಂಗ್ಲಿಷಿನಲ್ಲಿ ಅದನ್ನು ನಿನ್ನೆಗೆ ಒಯ್ಯುವಂತಿಲ್ಲ, ಎಸ್ ಅಂಟಿಸುವಂತಿಲ್ಲ, 'ಡೋಂಟ್ ಬಿವೇರ್' ಅಂತಲೂ ಯಾರೂ ಅನ್ನುವುದಿಲ್ಲ. 'ಯು ಮಸ್ಟ್ ಬಿವೇರ್' ಅಂದಾಗ ಮಾತ್ರ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ.